ಅಂಗಡಿ, ಬೇಕರಿ, ಕಚೇರಿಗಳ ಡಿಸ್ಟ್ರಿಬ್ಯೂಷನ್ ಬೋರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿ, ಬೇಕರಿ, ಕ್ಲಿನಿಕ್, ಸಣ್ಣ ಕಚೇರಿಗಳಿಗೆ ಡಿಸ್ಟ್ರಿಬ್ಯೂಷನ್ ಬೋರ್ಡ್ ಕೂರಿಸುವಾಗ ಮಾಲೀಕರೂ ಈ ಕಸುಬಿಗೆ ಹೊಸದಾಗಿ ಬಂದ ವೈರ್‌ಮನ್‌ಗಳೂ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಲೆಕ್ಕಗಳು ಕಣ್ಣಿಗೆ ಕಟ್ಟುವಂತಿರಲಿ ಎಂದು ಉದ್ದಕ್ಕೂ ಒಂದೇ ಬೇಕರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಮುಂದೆ ಮಾರಾಟದ ಕೌಂಟರ್, ಹಿಂದೆ ಓವನ್ ಇರುವ ಕೋಣೆ, ಪಕ್ಕದಲ್ಲಿ ನಾಲ್ಕು ಮೇಜುಗಳ ಕಾಫಿ ಜಾಗ. ನಮ್ಮ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಕಾಣಸಿಗುವಂಥ ಬೇಕರಿ ಅದು.

ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಎಂದರೆ ನಿಖರವಾಗಿ ಯಾವುದು? ಮೀಟರ್ ಬೋರ್ಡ್ ಬೇರೆಯೇ?

ಬೇರೆ. ವಿದ್ಯುತ್ ಸರಬರಾಜು ಕಂಪನಿಯ ಸರ್ವಿಸ್ ವೈರ್ ಮೊದಲು ಮೀಟರಿಗೆ ಬರುತ್ತದೆ, ಅಲ್ಲಿಂದ ಮೇನ್ ಸ್ವಿಚ್‌ಗೆ ಹೋಗುತ್ತದೆ, ಮೇನ್ ಸ್ವಿಚ್‌ನಿಂದ ಸಬ್‌ಮೇನ್ ಕೇಬಲ್ ಮೂಲಕ ಡಿಬಿಗೆ ತಲುಪುತ್ತದೆ. ಡಿಬಿಯ ಒಳಗೆ ಬರುವ ಕರೆಂಟನ್ನು ತಡೆಯಬಲ್ಲ ಒಂದು ಇನ್‌ಕಮರ್, ಅದನ್ನು ಹಂಚುವ ಬಸ್‌ಬಾರ್, ಪ್ರತಿ ಸರ್ಕ್ಯೂಟಿಗೂ ಒಂದೊಂದು ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ತಾನೇ ಬಿದ್ದು ಕಡಿಯುವ ಸ್ವಿಚ್), ನ್ಯೂಟ್ರಲ್ ವೈರುಗಳನ್ನು ಸೇರಿಸುವ ನ್ಯೂಟ್ರಲ್ ಲಿಂಕ್ ಮತ್ತು ಅರ್ಥ್ ವೈರುಗಳನ್ನು ಸೇರಿಸುವ ಅರ್ಥ್ ಬಾರ್ ಇರುತ್ತವೆ. ಸಿಂಗಲ್ ಫೇಸ್ ಡಿಬಿಯನ್ನು ಎಸ್‌ಪಿಎನ್ ಎಂದೂ ತ್ರೀ ಫೇಸ್ ಡಿಬಿಯನ್ನು ಟಿಪಿಎನ್ ಎಂದೂ ಅಂಗಡಿಗಳಲ್ಲಿ ಕೇಳುತ್ತೇವೆ. ವಾಣಿಜ್ಯ ಸ್ಥಳಗಳಲ್ಲಿ ಹೆಚ್ಚಾಗಿ ಬೇಕಾಗುವುದು ಟಿಪಿಎನ್.

ಈ ಕೆಲಸವನ್ನು ಯಾರು ಮಾಡಬೇಕು?

ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು, ಅವರ ಕೈಕೆಳಗೆ ಪರ್ಮಿಟ್ ಹೊಂದಿರುವ ಮೇಲ್ವಿಚಾರಕರು ಮತ್ತು ವೈರ್‌ಮನ್‌ಗಳು. ಕರ್ನಾಟಕದಲ್ಲಿ ಈ ಪರವಾನಗಿಗಳ ವಿಷಯ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಸೇರುತ್ತದೆ. 15 ಮೀಟರಿಗಿಂತ ಎತ್ತರದ ಕಟ್ಟಡವಾಗಿದ್ದರೆ ಪರಿವೀಕ್ಷಣಾಲಯದ ತಪಾಸಣೆಯೂ ಬೇಕಾಗುತ್ತದೆ. ಗುತ್ತಿಗೆದಾರರು ಸಹಿ ಮಾಡಿ ಕೊಡುವ ಕಾಮಗಾರಿ ಪೂರ್ಣಗೊಂಡ ವರದಿ ಕೇವಲ ಸಂಪರ್ಕ ಪಡೆಯಲು ಬೇಕಾದ ಕಾಗದವಲ್ಲ. ಅದರಲ್ಲಿ ಬರೆದ ಇನ್ಸುಲೇಷನ್ ಮತ್ತು ಅರ್ಥ್ ಅಳತೆಗಳನ್ನು ನಿಜವಾಗಿಯೂ ತೆಗೆದಿದ್ದಾರೆಯೇ ಎಂದು ಕೇಳುವ ಹಕ್ಕು ಮಾಲೀಕರಿಗಿದೆ, ಕೇಳಲೇಬೇಕು. ಮುಂದಿನ ಉತ್ತರಗಳನ್ನು ಓದಿ ಮಾಲೀಕರೇ ಬೋರ್ಡ್ ಬಿಚ್ಚಬಾರದು; ಮಾಡುತ್ತಿರುವ ಕೆಲಸ ಸರಿಯೇ ಎಂದು ಗುರುತಿಸಲು ಇವು ನೆರವಾಗಲಿ ಎಂಬುದು ನನ್ನ ಆಸೆ.

ಎಷ್ಟು ಲೋಡ್ ಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಅಂದಾಜಿನಿಂದ ಅಲ್ಲ, ಪ್ರತಿ ಯಂತ್ರದ ಹಿಂಬದಿಯ ತಗಡಿನ ಫಲಕದಲ್ಲಿರುವ ಅಂಕಿಯಿಂದ ಶುರುಮಾಡಬೇಕು. ನಮ್ಮ ಬೇಕರಿಯಲ್ಲಿ ತ್ರೀ ಫೇಸ್ ಓವನ್ 9 ಕಿಲೋವ್ಯಾಟ್, ಕಾಫಿ ಯಂತ್ರ 3, ಎಸಿ 1.7, ಹಿಟ್ಟು ಕಲಸುವ ಮಿಕ್ಸರ್ 1.5, ಎರಡು ಡಿಸ್‌ಪ್ಲೇ ಫ್ರಿಜ್ ಸೇರಿ 1.2, ಡೀಪ್ ಫ್ರೀಜರ್ 0.5, ದೀಪ ಮತ್ತು ಫ್ಯಾನುಗಳು 1, ಉಳಿದ ಪ್ಲಗ್‌ಗಳಿಗೆ 2 ಕಿಲೋವ್ಯಾಟ್ ಎಂದು ಇಟ್ಟುಕೊಂಡರೆ ಒಟ್ಟು 19.9, ಅಂದರೆ ಸುಮಾರು 20 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.9 ಎಂದು ಹಿಡಿದು 400 ವೋಲ್ಟ್ ತ್ರೀ ಫೇಸ್‌ನಲ್ಲಿ ಲೆಕ್ಕ ಹಾಕಿದರೆ ಪ್ರತಿ ಫೇಸಿಗೆ ಸುಮಾರು 32 ಆಂಪಿಯರ್ ಬರುತ್ತದೆ. ಇದೇ ಲೋಡನ್ನು 230 ವೋಲ್ಟಿನ ಸಿಂಗಲ್ ಫೇಸ್ ಮೇಲೆ ಹೇರಿದರೆ ಒಂದೇ ವೈರಿನಲ್ಲಿ ಸುಮಾರು 97 ಆಂಪಿಯರ್ ಹರಿಯಬೇಕಾಗುತ್ತದೆ. ವ್ಯಾಪಾರದ ಜಾಗಕ್ಕೆ ತ್ರೀ ಫೇಸ್ ಏಕೆ ಎಂಬುದಕ್ಕೆ ಈ ಎರಡು ಅಂಕಿಗಳೇ ಉತ್ತರ.

ಎಲ್ಲ ಯಂತ್ರಗಳೂ ಒಂದೇ ಕ್ಷಣದಲ್ಲಿ ಪೂರ್ತಿ ಲೋಡ್ ಎಳೆಯುವುದಿಲ್ಲ ಎಂಬುದು ನಿಜ. ಫ್ರಿಜ್‌ಗಳು ನಿಂತು ನಿಂತು ಓಡುತ್ತವೆ, ಓವನ್ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಕಡಿತ ಮಾಡುತ್ತದೆ. ಆದರೆ ಸಣ್ಣ ಬೋರ್ಡಿನಲ್ಲಿ ಈ ರಿಯಾಯಿತಿಯನ್ನು ಧಾರಾಳವಾಗಿ ಬಳಸಬಾರದು. ಹಬ್ಬದ ಹಿಂದಿನ ದಿನ ಬೆಳಗಿನ ಜಾವ ಆ ಬೇಕರಿಯಲ್ಲಿ ಓಡದ ಯಂತ್ರವೇ ಇರುವುದಿಲ್ಲ. ಈ ಬೇಕರಿಗೆ 40 ಆಂಪಿಯರಿನ ನಾಲ್ಕು ಪೋಲ್ ಇನ್‌ಕಮರ್, 10 ಸ್ಕ್ವೇರ್ ಎಂಎಂ ತಾಮ್ರದ ನಾಲ್ಕು ಕೋರ್ ಸಬ್‌ಮೇನ್, ಜೊತೆಗೆ ಪ್ರತ್ಯೇಕ ಅರ್ಥ್ ವೈರ್ ಇಟ್ಟರೆ ಸರಿಹೋಗುತ್ತದೆ. ಕಂಪನಿಯಿಂದ ಮಂಜೂರಾದ ಲೋಡ್ ಕೂಡ ಇದಕ್ಕೆ ಹೊಂದಿರಬೇಕು. ಒಳಗೆ 20 ಕಿಲೋವ್ಯಾಟ್ ಯಂತ್ರಗಳನ್ನು ಇಟ್ಟು ಮಂಜೂರಾತಿಯನ್ನು 7ಕ್ಕೇ ಬಿಡುವುದು ನಿಯಮಕ್ಕೆ ವಿರುದ್ಧ, ಜೊತೆಗೆ ಹೊರಗಿನ ಸರ್ವಿಸ್ ವೈರೂ ಬಿಸಿಯಾಗುತ್ತದೆ.

ಮೂರು ಫೇಸಿಗೂ ಲೋಡ್ ಸಮನಾಗಿ ಹಂಚಲೇಬೇಕೇ?

ಹಂಚಬೇಕು, ಮತ್ತು ಹಂಚಿಕೆಯನ್ನು ಗೋಡೆ ಒಡೆಯುವ ಮೊದಲೇ ಕಾಗದದ ಮೇಲೆ ಮಾಡಬೇಕು. ಓವನ್ ತಾನಾಗಿಯೇ ಪ್ರತಿ ಫೇಸಿನಿಂದ 3 ಕಿಲೋವ್ಯಾಟ್, ಅಂದರೆ 13 ಆಂಪಿಯರ್ ತೆಗೆದುಕೊಳ್ಳುತ್ತದೆ. ಉಳಿದ 10.9 ಕಿಲೋವ್ಯಾಟ್ ಅನ್ನು ಆರ್, ವೈ, ಬಿ ಎಂದು ಕರೆಯುವ ಮೂರು ಫೇಸಿಗೆ ನಾವು ಹಂಚಬೇಕು. ಆರ್ ಫೇಸಿಗೆ ಕಾಫಿ ಯಂತ್ರ, ಡೀಪ್ ಫ್ರೀಜರ್ ಮತ್ತು ಅರ್ಧ ದೀಪಗಳು, ಒಟ್ಟು 4; ವೈ ಫೇಸಿಗೆ ಎಸಿ ಮತ್ತು ಪ್ಲಗ್‌ಗಳು, ಒಟ್ಟು 3.7, ಬಿ ಫೇಸಿಗೆ ಮಿಕ್ಸರ್, ಡಿಸ್‌ಪ್ಲೇ ಫ್ರಿಜ್‌ಗಳು ಮತ್ತು ಉಳಿದರ್ಧ ದೀಪಗಳು, ಒಟ್ಟು 3.2. ದೀಪಗಳನ್ನು ಬೇಕೆಂದೇ ಎರಡು ಫೇಸಿಗೆ ಒಡೆದಿದ್ದೇನೆ. ಒಂದು ಫೇಸ್ ಹೋದಾಗ ಬಿಸಿ ಟ್ರೇ ಹಿಡಿದು ನಿಂತಿರುವ ಹುಡುಗ ಕತ್ತಲಲ್ಲಿ ಸಿಕ್ಕಿಕೊಳ್ಳಬಾರದು.

ಈ ಸಮತೋಲನ ಕಾಗದದ ಮೇಲಿನದು ಮಾತ್ರ. ಅಂಗಡಿ ಶುರುವಾದ ಒಂದು ವಾರದ ನಂತರ, ವ್ಯಾಪಾರದ ಹೊತ್ತಿನಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿ ಮೂರು ಫೇಸ್ ಮತ್ತು ನ್ಯೂಟ್ರಲ್ ನಾಲ್ಕನ್ನೂ ಅಳೆದು ನೋಡಬೇಕು. ಕಂಪ್ಯೂಟರ್, ಎಲ್ಇಡಿ ದೀಪ, ಇನ್ವರ್ಟರ್ ಎಸಿಗಳೇ ತುಂಬಿರುವ ಕಚೇರಿಯಲ್ಲಿ ಫೇಸ್‌ಗಳು ಸಮನಾಗಿದ್ದರೂ ನ್ಯೂಟ್ರಲ್‌ನಲ್ಲಿ ಗಣನೀಯ ಕರೆಂಟ್ ಕಾಣುತ್ತದೆ. ಆ ಉಪಕರಣಗಳು ಹುಟ್ಟಿಸುವ ಮೂರನೆಯ ಹಾರ್ಮೋನಿಕ್ ಕರೆಂಟುಗಳು (ಮೂಲ ಕರೆಂಟಿನ ಮೂರು ಪಟ್ಟು ವೇಗದಲ್ಲಿ ಏರಿಳಿಯುವಂಥವು) ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಕಳೆಯದೆ ಕೂಡಿಕೊಳ್ಳುತ್ತವೆ. ಅಂಥ ಕಡೆ ನ್ಯೂಟ್ರಲ್ ವೈರ್ ಫೇಸ್ ವೈರಿಗಿಂತ ತೆಳುವಾಗಿರಲೇಬಾರದು.

ನ್ಯೂಟ್ರಲ್ ಸಡಿಲವಾದರೆ ಏನಾಗುತ್ತದೆ? ಕರೆಂಟ್ ಹೋಗುತ್ತದೆ, ಅಷ್ಟೇ ಅಲ್ಲವೇ?

ಸಿಂಗಲ್ ಫೇಸಿನಲ್ಲಿ ಬಹುಮಟ್ಟಿಗೆ ಅಷ್ಟೇ. ತ್ರೀ ಫೇಸಿನಲ್ಲಿ ಇದು ಬೋರ್ಡಿನ ಅತ್ಯಂತ ದುಬಾರಿ ತಪ್ಪು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನ್ಯೂಟ್ರಲ್ ಗಟ್ಟಿಯಾಗಿ ಕೂತಿರುವವರೆಗೆ ಪ್ರತಿ ಫೇಸಿನ ಉಪಕರಣಗಳಿಗೆ 230 ವೋಲ್ಟ್ ಸಿಗುತ್ತದೆ. ಇನ್‌ಕಮರ್ ಬಳಿ ನ್ಯೂಟ್ರಲ್ ಕಳಚಿದ ಕ್ಷಣದಲ್ಲಿ ಒಂದು ಫೇಸಿನ ಉಪಕರಣವೂ ಇನ್ನೊಂದು ಫೇಸಿನ ಉಪಕರಣವೂ ಸರಪಣಿಯಂತೆ ಒಂದರ ಹಿಂದೊಂದು ಜೋಡಿಸಿಕೊಂಡು 400 ವೋಲ್ಟನ್ನು ಹಂಚಿಕೊಳ್ಳತೊಡಗುತ್ತವೆ. ಆ ಹೊತ್ತಿನಲ್ಲಿ ಆರ್ ಫೇಸಿನಲ್ಲಿ 3 ಕಿಲೋವ್ಯಾಟಿನ ಕಾಫಿ ಯಂತ್ರ, ಬಿ ಫೇಸಿನಲ್ಲಿ ಒಟ್ಟು 500 ವ್ಯಾಟಿನ ದೀಪ ಮತ್ತು ಫ್ಯಾನುಗಳು ಮಾತ್ರ ಓಡುತ್ತಿವೆ ಎಂದುಕೊಳ್ಳಿ. ಎರಡನ್ನೂ ಬರಿಯ ರೋಧಗಳೆಂದು ತಿಳಿದರೆ ಕಾಫಿ ಯಂತ್ರದ ರೋಧ ಸುಮಾರು 17.6 ಓಮ್, ದೀಪಗಳದ್ದು ಸುಮಾರು 106 ಓಮ್. ಹಂಚಿಕೆಯಲ್ಲಿ ದೀಪಗಳ ಪಾಲಿಗೆ ಸುಮಾರು 343 ವೋಲ್ಟ್ ಬರುತ್ತದೆ, ಕಾಫಿ ಯಂತ್ರಕ್ಕೆ 57 ವೋಲ್ಟ್ ಉಳಿಯುತ್ತದೆ. ಲೋಡ್ ಕಡಿಮೆ ಇರುವ ಫೇಸೇ ಸುಟ್ಟುಹೋಗುತ್ತದೆ. ಈ ಸ್ಥಿತಿಯಲ್ಲಿ ಹರಿಯುವ ಕರೆಂಟ್ ಸುಮಾರು 3.2 ಆಂಪಿಯರ್ ಮಾತ್ರ, ಹಾಗಾಗಿ 10 ಆಂಪಿಯರಿನ ಎಂಸಿಬಿ ಅಲುಗಾಡುವುದೂ ಇಲ್ಲ. ಸೋರಿಕೆ ಇಲ್ಲದ ಕಾರಣ ಆರ್‌ಸಿಸಿಬಿಗೂ, ಅಂದರೆ ಕರೆಂಟ್ ಅರ್ಥ್‌ಗೆ ಸೋರಿದಾಗ ಕಡಿಯುವ ಸ್ವಿಚ್ಚಿಗೂ, ಏನೂ ತಿಳಿಯುವುದಿಲ್ಲ.

ನಾನು ನೋಡಿದ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಯಂತ್ರ, ಸಿಸಿಟಿವಿ ಪೆಟ್ಟಿಗೆ, ಹನ್ನೊಂದು ದೀಪಗಳು ಮತ್ತು ಒಂದು ಫ್ರಿಜ್ಜಿನ ಬೋರ್ಡ್ ಒಂದೇ ಮಧ್ಯಾಹ್ನ ಸುಟ್ಟಿದ್ದವು. ಡಿಬಿಯಲ್ಲಿ ಎಲ್ಲ ಎಂಸಿಬಿಗಳೂ ಮೇಲೆಯೇ ಇದ್ದವು. ನ್ಯೂಟ್ರಲ್ ಲಿಂಕಿನ ಮೊದಲ ಸ್ಕ್ರೂವನ್ನು ಸುಮಾರು ಒಂದು ಸುತ್ತು ತಿರುಗಿಸುವಷ್ಟು ಸಡಿಲವಿತ್ತು.

ಆದ್ದರಿಂದ ನ್ಯೂಟ್ರಲ್ ದಾರಿಯಲ್ಲಿ ಎಲ್ಲಿಯೂ ಒಂಟಿ ಫ್ಯೂಸ್ ಅಥವಾ ಒಂಟಿ ಪೋಲ್ ಸ್ವಿಚ್ ಇರಬಾರದು. ನಾಲ್ಕು ಪೋಲಿನ ಇನ್‌ಕಮರ್ ಬಳಸುವಾಗ ನ್ಯೂಟ್ರಲ್ ವೈರನ್ನು ನ್ಯೂಟ್ರಲ್ ಎಂದು ಗುರುತಿಸಿದ ಪೋಲಿಗೇ ಹಾಕಬೇಕು, ಏಕೆಂದರೆ ಆ ಪೋಲನ್ನು ಆನ್ ಮಾಡುವಾಗ ಮೊದಲು ಕೂಡುವಂತೆಯೂ ಆಫ್ ಮಾಡುವಾಗ ಕೊನೆಗೆ ಬಿಡುವಂತೆಯೂ ಮಾಡಿರುತ್ತಾರೆ. ದುಬಾರಿ ಯಂತ್ರಗಳಿರುವ ಕಡೆ ಹೆಚ್ಚು ಮತ್ತು ಕಡಿಮೆ ವೋಲ್ಟೇಜ್ ಎರಡನ್ನೂ ಗಮನಿಸಿ ಇನ್‌ಕಮರನ್ನು ಕೆಡವುವ ರಿಲೇ ಹಾಕಿಸುವುದು ಒಳ್ಳೆಯದು. ಅದರ ಬೆಲೆ ಒಂದು ಫ್ರಿಜ್ ಬೋರ್ಡಿನ ರಿಪೇರಿಗಿಂತ ಹೆಚ್ಚಾಗುವುದು ಅಪರೂಪ.

ಎಂಸಿಬಿ ಪದೇ ಪದೇ ಬೀಳುತ್ತಿದೆ. ದೊಡ್ಡದು ಹಾಕಿದರೆ ಸರಿಹೋಗುವುದಿಲ್ಲವೇ?

ಬೀಳುವುದು ನಿಲ್ಲುತ್ತದೆ, ಕೆಟ್ಟದ್ದು ಹಾಗೆಯೇ ಉಳಿಯುತ್ತದೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು, ಯಂತ್ರವನ್ನಲ್ಲ. ಯಂತ್ರ ಎಳೆಯುವ ಕರೆಂಟಿಗಿಂತ ಎಂಸಿಬಿಯ ಅಂಕಿ ಹೆಚ್ಚಿರಬೇಕು, ಎಂಸಿಬಿಯ ಅಂಕಿಗಿಂತ ವೈರಿನ ಸಾಮರ್ಥ್ಯ ಹೆಚ್ಚಿರಬೇಕು. ಈ ಕ್ರಮ ಎಂದೂ ತಲೆಕೆಳಗಾಗಬಾರದು. ಎಂಸಿಬಿ ತನ್ನ ಅಂಕಿ ದಾಟಿದ ಕೂಡಲೇ ಬೀಳುವುದೂ ಇಲ್ಲ. ಅಂಕಿಯ 1.13 ಪಟ್ಟು ಕರೆಂಟಿಗೆ ಒಂದು ಗಂಟೆಯವರೆಗೆ ಬೀಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಬೇಕು ಎಂಬುದು ಅದರ ಮಾನಕ. ಅಂದರೆ 32 ಆಂಪಿಯರಿನ ಎಂಸಿಬಿ ಸುಮಾರು 46 ಆಂಪಿಯರನ್ನು ಬಹಳ ಹೊತ್ತು ಬಿಡಬಹುದು. ಆ ಕರೆಂಟನ್ನು 2.5 ಸ್ಕ್ವೇರ್ ಎಂಎಂ ವೈರ್ ಅಷ್ಟು ಹೊತ್ತು ಹೊತ್ತರೆ ಇನ್ಸುಲೇಷನ್ ಮೆತ್ತಗಾಗುತ್ತದೆ.

ಬೀಳಲು ಕಾರಣ ಓವರ್‌ಲೋಡ್ ಆಗಿರದೆ ಮೋಟರ್ ಸ್ಟಾರ್ಟ್ ಆಗುವಾಗಿನ ಕ್ಷಣಿಕ ಕರೆಂಟ್ ಆಗಿದ್ದರೆ ನೋಡಬೇಕಾದ್ದು ಕರ್ವ್, ಅಂದರೆ ಎಷ್ಟು ಪಟ್ಟು ಕರೆಂಟಿಗೆ ಅದು ತಕ್ಷಣ ಬೀಳುತ್ತದೆ ಎಂಬ ಗುರುತು. ಬಿ ಕರ್ವ್ ಎಂಸಿಬಿ ತನ್ನ ಅಂಕಿಯ 3ರಿಂದ 5 ಪಟ್ಟಿನಲ್ಲಿ, ಸಿ ಕರ್ವ್ 5ರಿಂದ 10 ಪಟ್ಟಿನಲ್ಲಿ, ಡಿ ಕರ್ವ್ 10ರಿಂದ 20 ಪಟ್ಟಿನಲ್ಲಿ ತಕ್ಷಣ ಬೀಳುತ್ತದೆ. ಮಿಕ್ಸರ್, ಫ್ರಿಜ್, ಎಸಿಗಳಿಗೆ ಸಿ ಸಾಕು. ಯಾವುದೂ ಕಾರಣವಲ್ಲ ಎಂದಾದರೆ ಎಂಸಿಬಿಯ ಬುಡ ಬಿಸಿಯಾಗಿದೆಯೇ ಎಂದು ಪರೀಕ್ಷಿಸಿ. ಸಡಿಲ ಟರ್ಮಿನಲ್ಲಿನ ಬಿಸಿ ಒಳಗಿನ ಲೋಹದ ಪಟ್ಟಿಗೆ ತಗುಲಿ ಕಡಿಮೆ ಕರೆಂಟಿಗೂ ಕೆಡವುತ್ತದೆ.

ಎಂಸಿಬಿಯ ಮೇಲೆ 6 ಕೆಎ, 10 ಕೆಎ ಎಂದಿರುವುದೇನು?

ಶಾರ್ಟ್ ಸರ್ಕ್ಯೂಟ್ ಆದಾಗ ಅದು ಒಡೆಯದೆ ಕತ್ತರಿಸಬಲ್ಲ ಗರಿಷ್ಠ ಕರೆಂಟ್. 10 ಕೆಎ ಎಂದರೆ ಹತ್ತು ಸಾವಿರ ಆಂಪಿಯರ್. ಎಷ್ಟು ಬೇಕು ಎಂಬುದು ಟ್ರಾನ್ಸ್‌ಫಾರ್ಮರ್ ಎಷ್ಟು ದೊಡ್ಡದು, ಎಷ್ಟು ಹತ್ತಿರ ಎಂಬುದರ ಮೇಲೆ ನಿಂತಿದೆ. 4.5 ಶೇಕಡಾ ಇಂಪಿಡೆನ್ಸಿನ, 433 ವೋಲ್ಟ್ ಕೊಡುವ 100 ಕೆವಿಎ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಸುಮಾರು 3 ಕೆಎ, 250 ಕೆವಿಎಯಲ್ಲಿ ಸುಮಾರು 7.4 ಕೆಎ, 500 ಕೆವಿಎಯಲ್ಲಿ ಸುಮಾರು 14.8 ಕೆಎ ಹರಿಯಬಲ್ಲದು. ದೂರ ಹೋದಂತೆ ಕೇಬಲ್ಲಿನ ರೋಧದಿಂದ ಇದು ಬೇಗ ಇಳಿಯುತ್ತದೆ. ಬೀದಿಯ ಕೊನೆಯ ಅಂಗಡಿಗೆ 10 ಕೆಎ ನೆಮ್ಮದಿಯಾಗಿ ಸಾಕು. ಸ್ವಂತ 500 ಕೆವಿಎ ಇರುವ ಸಂಕೀರ್ಣದ ಮುಖ್ಯ ಪ್ಯಾನೆಲ್‌ಗೆ ಸಾಲದು, ಅಲ್ಲಿ ಎಂಸಿಸಿಬಿ, ಅಂದರೆ ಎಂಸಿಬಿಗಿಂತ ದೊಡ್ಡ ಕರೆಂಟನ್ನು ಕತ್ತರಿಸಬಲ್ಲ ಬ್ರೇಕರ್ ಬೇಕು.

ವೈರ್ ಎಷ್ಟು ದಪ್ಪ ಇರಬೇಕು?

ರೂಢಿಯಲ್ಲಿ ದೀಪಗಳಿಗೆ 1.5, ಸಾಮಾನ್ಯ ಪ್ಲಗ್‌ಗಳಿಗೆ 2.5, ಎಸಿ ಮತ್ತು 16 ಆಂಪಿಯರ್ ಪವರ್ ಪ್ಲಗ್‌ಗಳಿಗೆ 4 ಸ್ಕ್ವೇರ್ ಎಂಎಂ ತಾಮ್ರ. ಆದರೆ ರೂಢಿ ದೂರವನ್ನು ಲೆಕ್ಕಿಸುವುದಿಲ್ಲ. 30 ಮೀಟರ್ ಆಚೆಗೆ 16 ಆಂಪಿಯರ್ ಒಯ್ಯುವ 2.5 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರಿನಲ್ಲಿ ಹೋಗಿ ಬರುವ ದಾರಿಯಲ್ಲಿ ಸುಮಾರು 7.7 ವೋಲ್ಟ್ ಕಳೆದುಹೋಗುತ್ತದೆ, 4ರಲ್ಲಿ ಸುಮಾರು 4.8. ಒಂದೇ ಕಾಂಡ್ಯೂಟಿನಲ್ಲಿ ಹಲವು ಸರ್ಕ್ಯೂಟುಗಳನ್ನು ತುರುಕಿದರೂ, ಓವನ್ ಕೋಣೆಯ ಬಿಸಿ ಛಾವಣಿಯಲ್ಲಿ ಎಳೆದರೂ ವೈರಿನ ಸಾಮರ್ಥ್ಯ ಇಳಿಯುತ್ತದೆ. ಓವನ್ನಿಗೆ ಹೋಗುವ ವೈರನ್ನು ಅದರ ಬೆನ್ನ ಮೇಲಿಂದ ತರದೆ ಗೋಡೆಯ ಬದಿಯಿಂದ ತನ್ನಿ.

ಒಳ್ಳೆಯ ಅರ್ಥ್ ಪಿಟ್ ಇದ್ದಮೇಲೆ ಆರ್‌ಸಿಸಿಬಿ ಏಕೆ?

ನಮ್ಮಲ್ಲಿ ಹೆಚ್ಚಿನ ಸಣ್ಣ ಗ್ರಾಹಕರು ತಮ್ಮ ಅರ್ಥ್ ಪಿಟ್ಟನ್ನು ತಾವೇ ತೋಡಿಸುತ್ತಾರೆ. ಅಂದರೆ ಓವನ್ನಿನ ಮೈಗೆ ಫೇಸ್ ತಗುಲಿದಾಗ ಕರೆಂಟ್ ನಿಮ್ಮ ಪಿಟ್ಟಿನಿಂದ ಮಣ್ಣಿಗೆ ಇಳಿದು, ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿನ ಪಿಟ್ಟಿಗೆ ಏರಬೇಕು. ನಿಮ್ಮ ಪಿಟ್ 5 ಓಮ್, ಅತ್ತಲಿನದು 2 ಓಮ್ ಎಂದರೆ 230 ವೋಲ್ಟಿಗೆ ಹರಿಯುವುದು 33 ಆಂಪಿಯರ್. ಆ ಸರ್ಕ್ಯೂಟಿನಲ್ಲಿ 32 ಆಂಪಿಯರಿನ ಎಂಸಿಬಿ ಇದ್ದರೆ ಅದು ಬೀಳುವುದೇ ಇಲ್ಲ. ಅಷ್ಟು ಹೊತ್ತೂ ಓವನ್ನಿನ ಮೈಮೇಲೆ 33 ಆಂಪಿಯರ್ ಗುಣಿಸು 5 ಓಮ್, ಅಂದರೆ ಸುಮಾರು 165 ವೋಲ್ಟ್ ನಿಂತಿರುತ್ತದೆ. ಒದ್ದೆ ಕೈಯಲ್ಲಿ ಬಾಗಿಲ ಹಿಡಿಗೆ ಕೈಹಾಕುವವರು ಬೆಳಗಿನ ಜಾವ ಬಂದ ಕೆಲಸಗಾರರು. ಮಣ್ಣಿನ ರೋಧವನ್ನು ಒಂದು ಓಮಿಗಿಂತ ಕೆಳಗೆ ಇಳಿಸಿ ವರ್ಷವಿಡೀ ಹಾಗೆಯೇ ಉಳಿಸುವುದು ಬಯಲುಸೀಮೆಯ ಕಲ್ಲುನೆಲದಲ್ಲಿ ಸುಲಭವಲ್ಲ, ಬೇಸಿಗೆಯಲ್ಲಿ ಇನ್ನೂ ಕಷ್ಟ.

ಆರ್‌ಸಿಸಿಬಿ ಹೋದ ಕರೆಂಟನ್ನೂ ಮರಳಿದ ಕರೆಂಟನ್ನೂ ತೂಗಿ ನೋಡುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಕತ್ತರಿಸುತ್ತದೆ. ಅದೇ 33 ಆಂಪಿಯರಿನ ಸೋರಿಕೆ ಅದರ ಪಾಲಿಗೆ ಸಾವಿರ ಪಟ್ಟು ಹೆಚ್ಚು, 40 ಮಿಲಿಸೆಕೆಂಡಿನೊಳಗೆ ಬೀಳಬೇಕು. ಜನರನ್ನು ಕಾಯಲು 30 ಮಿಲಿಆಂಪಿಯರಿನದು ಬೇಕು. 100 ಮತ್ತು 300 ಮಿಲಿಆಂಪಿಯರಿನವು ಬೆಂಕಿಯ ಅಪಾಯ ತಗ್ಗಿಸಲು ಮೇಲಿನ ಹಂತದಲ್ಲಿ ಹಾಕುವಂಥವು. ಆರ್‌ಸಿಸಿಬಿಗೆ ಓವರ್‌ಲೋಡ್ ಕಾಯುವ ಶಕ್ತಿಯಿಲ್ಲ, ಅದರ ಜೊತೆ ಎಂಸಿಬಿ ಇರಲೇಬೇಕು. ಹಾಗೆಂದು ಅರ್ಥ್ ಪಿಟ್ ಬೇಡವೆಂದಲ್ಲ: ಅರ್ಥ್ ಇಲ್ಲದಿದ್ದರೆ ಸೋರಿಕೆ ಮೊದಲು ಹರಿಯುವುದು ಮನುಷ್ಯನ ಮೈಯಿಂದಲೇ. ತ್ರೀ ಫೇಸ್ ಯಂತ್ರಗಳ ಮೈಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಕೊಡಬೇಕೆಂಬ ನಿಯಮ ಇರುವುದೂ ಇದಕ್ಕಾಗಿಯೇ.

ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತದೆ. ತೆಗೆದುಬಿಡಲೇ?

ತೆಗೆಯಬೇಡಿ. ಕಾರಣವಿಲ್ಲದೆ ಅದು ಬೀಳುವುದು ಬಹಳ ಕಡಿಮೆ, ಹುಡುಕಬೇಕು. ನಾನು ಅತಿ ಹೆಚ್ಚು ಕಂಡ ಕಾರಣ ನ್ಯೂಟ್ರಲ್‌ಗಳ ಬೆರಕೆ. ಎರಡು ಆರ್‌ಸಿಸಿಬಿಗಳಿರುವ ಬೋರ್ಡಿನಲ್ಲಿ ಒಂದರ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿದರೆ ಎರಡೂ ಬೀಳುತ್ತವೆ. ಪ್ರತಿ ಆರ್‌ಸಿಸಿಬಿಗೂ ಅದರದೇ ನ್ಯೂಟ್ರಲ್ ಲಿಂಕ್ ಇರಬೇಕು; ಪ್ರತಿ ಫೇಸಿಗೂ ಬೇರೆ ಆರ್‌ಸಿಸಿಬಿ ಹಾಕಬಹುದಾದ ಪಿಪಿಐ ಬೋರ್ಡುಗಳು ಇದಕ್ಕೆಂದೇ ಇವೆ. ಎರಡನೆಯ ಕಾರಣ, ಆರ್‌ಸಿಸಿಬಿಯ ಮುಂದೆ ಎಲ್ಲೋ ಒಂದು ಸ್ವಿಚ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಮುಟ್ಟಿಕೊಂಡಿರುವುದು. ಮೂರನೆಯದು ಒಟ್ಟುಗೂಡಿದ ಸಣ್ಣ ಸೋರಿಕೆ: ಪ್ರತಿ ಕಂಪ್ಯೂಟರಿನ ಫಿಲ್ಟರ್ ಸ್ವಲ್ಪ ಕರೆಂಟನ್ನು ಅರ್ಥ್‌ಗೆ ಬಿಡುತ್ತದೆ, 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ 15ರ ಮೇಲೆ ಎಲ್ಲಿ ಬೇಕಾದರೂ ಬೀಳುವ ಅವಕಾಶ ಮಾನಕದಲ್ಲಿದೆ. ಇಪ್ಪತ್ತು ಕಂಪ್ಯೂಟರುಗಳ ಕಚೇರಿಯನ್ನು ಒಂದೇ ಆರ್‌ಸಿಸಿಬಿಯ ಕೆಳಗೆ ಇಡದೆ ಮೂರು ನಾಲ್ಕಕ್ಕೆ ಒಡೆಯಿರಿ. ಇನ್ವರ್ಟರ್ ಎಸಿ, ಕಂಪ್ಯೂಟರ್‌ಗಳಿರುವ ಕಡೆ ಶುದ್ಧ ಎಸಿ ಕರೆಂಟಿನ ಸೋರಿಕೆಯನ್ನಷ್ಟೇ ಗುರುತಿಸುವ ‘ಎಸಿ’ ಟೈಪಿನ ಬದಲು ಮಿಡಿಯುವ ಡಿಸಿ ಸೋರಿಕೆಯನ್ನೂ ಗುರುತಿಸುವ ‘ಎ’ ಟೈಪಿನ ಆರ್‌ಸಿಸಿಬಿ ತೆಗೆದುಕೊಳ್ಳಿ.

ಒಳ್ಳೆಯ ಕಂಪನಿಯ ಸಾಮಾನು ಹಾಕಿಸಿದರೂ ಬೋರ್ಡ್ ಸುಡುವುದೇಕೆ?

ಜೋಡಣೆಯಿಂದ. ಇಡೀ ಕೆಲಸದಲ್ಲಿ ಒಂದನ್ನೇ ಆರಿಸಿ ಹೇಳು ಎಂದರೆ ನಾನು ಹೇಳುವುದು ಇದನ್ನು. ಸರಿಯಾಗಿ ಬಿಗಿದ ಟರ್ಮಿನಲ್ಲಿನ ರೋಧ ಒಂದು ಮಿಲಿಓಮಿನ ಆಸುಪಾಸು ಇದ್ದರೆ 16 ಆಂಪಿಯರಿಗೆ ಅಲ್ಲಿ ಹುಟ್ಟುವ ಬಿಸಿ ಕಾಲು ವ್ಯಾಟ್. ಅದು ಸಡಿಲವಾಗಿ, ಮಸಿ ಹಿಡಿದು 0.1 ಓಮಿಗೆ ಏರಿದರೆ ಅದೇ 16 ಆಂಪಿಯರಿಗೆ ಸುಮಾರು 25 ವ್ಯಾಟ್. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಕಡ್ಡಿಯೊಂದು 25 ವ್ಯಾಟಿನದು. ಅದನ್ನು ಆನ್ ಮಾಡಿ ಪ್ಲಾಸ್ಟಿಕ್ ಎಂಸಿಬಿಯ ಹೊಟ್ಟೆಯೊಳಗೆ ಇಟ್ಟು ಬಾಗಿಲು ಮುಚ್ಚಿದಂತೆ. ಕರೆಂಟ್ ಹೆಚ್ಚಾಗಿಲ್ಲ, ಸೋರಿಕೆಯೂ ಇಲ್ಲ, ಆದ್ದರಿಂದ ಯಾವ ಆರ್‌ಸಿಸಿಬಿಯೂ ಇದನ್ನು ಕಾಣಲಾರದು, ಎಂಸಿಬಿ ಕಾಣುತ್ತದೆಂದು ನೆಚ್ಚುವಂತಿಲ್ಲ. ಮೊದಲೇ ತಡೆಯಬಲ್ಲುದು ಬಿಗಿಯುವವನ ಕೈ ಮಾತ್ರ.

ಫ್ಲೆಕ್ಸಿಬಲ್ ವೈರಿನ ಎಳೆಗಳನ್ನು ಬರಿದಾಗಿ ಸ್ಕ್ರೂ ಕೆಳಗೆ ತುರುಕಬಾರದು, ಪಿನ್ ಲಗ್ (ವೈರಿನ ತುದಿಗೆ ತೊಡಿಸುವ ಲೋಹದ ಕಡ್ಡಿ) ಹಾಕಿ ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಬೇಕು. ತುದಿಗೆ ಸೀಸದ ಬೆಸುಗೆ ಹಾಕಿ ಸ್ಕ್ರೂ ಬಿಗಿಯುವ ಹಳೆಯ ಅಭ್ಯಾಸ ತಪ್ಪು. ಬೆಸುಗೆ ಒತ್ತಡಕ್ಕೆ ನಿಧಾನವಾಗಿ ಹರಿದು ಸಡಿಲವಾಗುತ್ತದೆ. ಲಗ್ ಉಳಿಸಲೆಂದು ಎಳೆಗಳನ್ನು ಕತ್ತರಿಸಿ ತೆಳುಮಾಡುವುದು ಅದಕ್ಕಿಂತ ದೊಡ್ಡ ತಪ್ಪು. ಎಂಸಿಬಿಯ ಟರ್ಮಿನಲ್ಲಿನಲ್ಲಿ ವೈರ್ ಒತ್ತುಪಟ್ಟಿಯ ಒಳಗೆ ಕೂರದೆ ಹಿಂದಕ್ಕೆ ಸರಿದಿದ್ದರೂ ಸ್ಕ್ರೂ ಬಿಗಿಯಾಗಿಯೇ ತಿರುಗುತ್ತದೆ, ಆದ್ದರಿಂದ ಬಿಗಿದ ನಂತರ ಪ್ರತಿಯೊಂದನ್ನೂ ಎಳೆದು ನೋಡಬೇಕು. ಎಷ್ಟು ಬಿಗಿಯಬೇಕೆಂದು ತಯಾರಕರ ಹಾಳೆಯಲ್ಲಿ ನ್ಯೂಟನ್ ಮೀಟರುಗಳಲ್ಲಿ ಬರೆದಿರುತ್ತಾರೆ, ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದೆ ಅದನ್ನು ತಲುಪಿದ್ದೇವೆಯೇ ಎಂದು ತಿಳಿಯದು. ಕೈಯಂದಾಜಿನಲ್ಲಿ ನುರಿತವರೂ ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ಬಿಗಿಯುತ್ತಾರೆ. ಅಲ್ಯೂಮಿನಿಯಂ ಸಬ್‌ಮೇನ್ ಕೇಬಲ್ ತಾಮ್ರದ ಬಸ್‌ಬಾರಿಗೆ ಬರುವ ಕಡೆ ಎರಡು ಲೋಹದ ಬೈಮೆಟಲ್ ಲಗ್ ಬೇಕು, ಇಲ್ಲವಾದರೆ ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಆ ಜೋಡಣೆ ಬೇಗ ತಿಂದುಹೋಗುತ್ತದೆ.

ಬೋರ್ಡನ್ನು ಎಲ್ಲಿ ಕೂರಿಸಬೇಕು?

ಕೈಗೆಟಕುವಲ್ಲಿ, ಒಣಗಿದ ಗೋಡೆಯ ಮೇಲೆ, ನೀರಿನ ಪೈಪಿನ ಕೆಳಗಲ್ಲದಂತೆ. ಮುಂದೆ ಕನಿಷ್ಠ 1 ಮೀಟರ್ ಖಾಲಿ ಜಾಗ ಬಿಡಬೇಕು. ಹಿಂಬದಿಯಲ್ಲಿ ತೆರೆದ ಸಂಪರ್ಕಗಳಿರುವ ದೊಡ್ಡ ಪ್ಯಾನೆಲ್ ಆದರೆ ಹಿಂದಿನ ಅಂತರ 20 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು, ಅಥವಾ 75ಕ್ಕಿಂತ ಹೆಚ್ಚಿರಬೇಕು. ನಡುವಿನ ಅಳತೆಯಲ್ಲಿ ಮನುಷ್ಯ ತೂರಿಕೊಳ್ಳಬಲ್ಲ, ತಪ್ಪಿಸಿಕೊಳ್ಳಲಾರ. ಬೇಕರಿಯಲ್ಲಿ ಹಿಟ್ಟಿನ ಧೂಳು ಒಳಗೆ ಹೋಗದಂತೆ ರಬ್ಬರ್ ಅಂಚಿನ ಡಬಲ್ ಡೋರ್ ಪೆಟ್ಟಿಗೆ ಬೇಕು. ವೈರ್ ಬರುವ ಪ್ರತಿ ತೂತಿಗೂ ವೈರನ್ನು ಬಿಗಿಹಿಡಿದು ಸಂದು ಮುಚ್ಚುವ ಗ್ಲ್ಯಾಂಡ್, ಬಳಸದ ತೂತುಗಳಿಗೂ ಖಾಲಿ ಎಂಸಿಬಿ ಜಾಗಕ್ಕೂ ಮುಚ್ಚಳ ಹಾಕಿ. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿಯೊಂದು ಎರಡು ಬಸ್‌ಬಾರುಗಳ ನಡುವೆ ಸಿಕ್ಕಿಕೊಂಡರೆ ಶಾರ್ಟ್ ಸರ್ಕ್ಯೂಟ್ ಖಚಿತ.

ವೈರಿನ ಬಣ್ಣಗಳು?

ಫೇಸ್‌ಗಳಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು ಅಥವಾ ಹಸಿರು ಹಳದಿ. ಯುರೋಪಿನಿಂದ ತಂದ ಓವನ್, ಕಾಫಿ ಯಂತ್ರಗಳಲ್ಲಿ ಮಾತ್ರ ಎಚ್ಚರ: ಅಲ್ಲಿ ನೀಲಿ ಎಂದರೆ ನ್ಯೂಟ್ರಲ್, ಕಪ್ಪು ಎಂದರೆ ಫೇಸ್. ನಮ್ಮ ರೂಢಿಯಂತೆ ಬಣ್ಣಕ್ಕೆ ಬಣ್ಣ ಜೋಡಿಸಿದರೆ ಯಂತ್ರದ ಎಲೆಕ್ಟ್ರಾನಿಕ್ಸಿಗೆ 400 ವೋಲ್ಟ್ ನುಗ್ಗುತ್ತದೆ.

ಜನರೇಟರ್, ಯುಪಿಎಸ್ ಇದ್ದರೆ?

ಜನರೇಟರ್ ಮತ್ತು ಕಂಪನಿಯ ಸರಬರಾಜು ಎಂದೂ ಒಟ್ಟಿಗೆ ಕೂಡಲಾಗದಂಥ ನಾಲ್ಕು ಪೋಲಿನ ಚೇಂಜ್‌ಓವರ್ ಸ್ವಿಚ್ ಬೇಕು. ಎರಡು ಎಂಸಿಬಿ ಇಟ್ಟು ಇದನ್ನು ಇಳಿಸಿ ಅದನ್ನು ಏರಿಸಿ ಎಂದು ಹುಡುಗರಿಗೆ ಹೇಳಿಕೊಡುವುದು ಸ್ವಿಚ್ ಅಲ್ಲ. ಮರೆತ ಒಂದು ದಿನ ನಿಮ್ಮ ಜನರೇಟರಿನ ಕರೆಂಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ 11 ಸಾವಿರ ವೋಲ್ಟಾಗಿ, ಕಂಬದ ಮೇಲಿರುವ ಲೈನ್‌ಮನ್ನನ್ನು ತಲುಪುತ್ತದೆ. ಯುಪಿಎಸ್ ಸರ್ಕ್ಯೂಟುಗಳಿಗೆ ಬೇರೆಯೇ ಡಿಬಿ ಅಥವಾ ಕನಿಷ್ಠ ಬೇರೆ ನ್ಯೂಟ್ರಲ್ ಲಿಂಕ್ ಕೊಡಿ, ಮತ್ತು ಮೇನ್ ಆಫ್ ಆದರೂ ಇದರಲ್ಲಿ ಕರೆಂಟ್ ಇರುತ್ತದೆ ಎಂದು ಬಾಗಿಲ ಮೇಲೆ ಕನ್ನಡದಲ್ಲಿ ಬರೆಸಿ.

ಸಿಡಿಲಿಗೆ ಏನು ಮಾಡಬೇಕು?

ಇನ್‌ಕಮರ್ ಪಕ್ಕದಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್, ಅಂದರೆ ದಿಢೀರನೆ ನುಗ್ಗುವ ವೋಲ್ಟೇಜನ್ನು ಅರ್ಥ್‌ಗೆ ತಿರುಗಿಸುವ ಸಾಧನ ಹಾಕಿ. ಅದರ ವೈರುಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು, ಉದ್ದವಾದಷ್ಟೂ ಅದರ ಪ್ರಯೋಜನ ಕಡಿಮೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲು ಅದರ ಕಿಟಕಿಯ ಬಣ್ಣ ಬದಲಾಗಿದೆಯೇ ಎಂದು ನೋಡಿ.

ಕರೆಂಟ್ ಕೊಡುವ ಮೊದಲು ಯಾವ ಪರೀಕ್ಷೆಗಳು ಆಗಬೇಕು?

ಮೊದಲು ಕರೆಂಟ್ ಇಲ್ಲದ ಪರೀಕ್ಷೆಗಳು. ಪ್ರತಿ ಅರ್ಥ್ ವೈರ್ ಬೋರ್ಡಿನಿಂದ ಪ್ಲಗ್‌ವರೆಗೆ ತುಂಡಾಗದೆ ಇದೆಯೇ ಎಂದು ನೋಡಬೇಕು. ನಂತರ ಸರ್ಜ್ ಪ್ರೊಟೆಕ್ಟರ್, ಎಲೆಕ್ಟ್ರಾನಿಕ್ ಉಪಕರಣಗಳನ್ನು ಬಿಡಿಸಿ, ಇನ್ಸುಲೇಷನ್ ರೋಧ ಅಳೆಯುವ 500 ವೋಲ್ಟ್ ಡಿಸಿ ಮೆಗ್ಗರಿನಿಂದ ಪ್ರತಿ ವೈರಿಗೂ ಅರ್ಥ್‌ಗೂ ನಡುವೆ ಒಂದು ನಿಮಿಷ ಪರೀಕ್ಷಿಸಬೇಕು. ಕನಿಷ್ಠ 1 ಮೆಗಾಓಮ್ ಬರಬೇಕು. ಹೊಸ ಕೆಲಸದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. 2 ಅಥವಾ 3 ಬಂದರೆ ನಿಯಮಕ್ಕೆ ಸಾಕಾದರೂ ನಾನು ಒಪ್ಪುವುದಿಲ್ಲ, ಎಲ್ಲೋ ವೈರ್ ಕೆರೆದುಹೋಗಿದೆ ಅಥವಾ ಕಾಂಡ್ಯೂಟಿನಲ್ಲಿ ನೀರಿದೆ. ಅರ್ಥ್ ಪಿಟ್ಟಿನ ರೋಧ ಅಳೆದು ಬರೆದಿಡಬೇಕು. ಬಳಿಕ ಕರೆಂಟ್ ಕೊಟ್ಟು ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜ್, ಮೋಟರುಗಳಿಗಾಗಿ ಫೇಸುಗಳ ಕ್ರಮ, ಪ್ರತಿ ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿಗೆ ಬೀಳುತ್ತದೆ ಎಂಬುದನ್ನು ಉಪಕರಣದಿಂದ ಅಳೆಯಬೇಕು. ಟೆಸ್ಟ್ ಬಟನ್ ಒತ್ತುವುದು ಆರ್‌ಸಿಸಿಬಿಯ ಯಂತ್ರಭಾಗವನ್ನಷ್ಟೇ ಪರೀಕ್ಷಿಸುತ್ತದೆ, ನಿಮ್ಮ ಅರ್ಥ್ ಸರಿಯಿದೆ ಎಂದು ಅದು ಹೇಳುವುದಿಲ್ಲ.

ಇನ್ನೊಂದು ಮಾತು ವೈರ್‌ಮನ್‌ಗಳಿಗೆ. ಬೋರ್ಡಿಗೆ ಕೈಹಾಕುವ ಮೊದಲು ಇನ್‌ಕಮರಿಗೂ ಮೇಲಿನ ಮೇನನ್ನು ಆಫ್ ಮಾಡಿ ಬೀಗ ಹಾಕಿ ಬೀಗದ ಕೈ ನಿಮ್ಮ ಜೇಬಿನಲ್ಲಿಡಿ. ನಂತರ ಮೀಟರನ್ನು ಕರೆಂಟ್ ಇರುವ ಇನ್ನೊಂದು ಕಡೆ ಪರೀಕ್ಷಿಸಿ, ಆಮೇಲೆ ಬೋರ್ಡನ್ನು, ಮತ್ತೆ ಆ ಕರೆಂಟ್ ಇರುವ ಕಡೆ. ಟೆಸ್ಟರಿನ ದೀಪ ಉರಿಯಲಿಲ್ಲ ಎಂಬುದು ಕರೆಂಟ್ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ಟೆಸ್ಟರ್ ಕೆಟ್ಟಿರಬಹುದು.

ಮುಂದೆ ಹೊಸ ಯಂತ್ರ ಬಂದರೆ ಇದೇ ಬೋರ್ಡಿಗೆ ಸೇರಿಸಬಹುದೇ?

ಕೂರಿಸುವಾಗಲೇ ನಾಲ್ಕನೇ ಒಂದು ಭಾಗ ಜಾಗ ಖಾಲಿ ಬಿಟ್ಟಿದ್ದರೆ, ಸಬ್‌ಮೇನ್ ಮತ್ತು ಮಂಜೂರಾದ ಲೋಡ್ ತಾಳುವಂತಿದ್ದರೆ ಸೇರಿಸಬಹುದು. ಜಾಗವಿಲ್ಲವೆಂದು ಒಂದೇ ಎಂಸಿಬಿಯ ಕೆಳಗೆ ಎರಡು ಸರ್ಕ್ಯೂಟಿನ ವೈರ್ ಜೋಡಿಸಬಾರದು. ದಪ್ಪ ಬೇರೆ ಬೇರೆ ಇರುವ ಎರಡು ವೈರುಗಳಲ್ಲಿ ತೆಳುವಾದದ್ದು ಎಂದೂ ಬಿಗಿಯಾಗುವುದಿಲ್ಲ.

ಆಮೇಲೆ ಎಷ್ಟು ಸಲ ತಪಾಸಣೆ ಮಾಡಿಸಬೇಕು?

ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಮಾಲೀಕರೇ ಒತ್ತಬಹುದು. ಮೊದಲ ಬಿಗಿತ ಪರೀಕ್ಷೆ ಮೂರು ತಿಂಗಳೊಳಗೆ, ಅನಂತರ ವರ್ಷಕ್ಕೊಮ್ಮೆ, ಕರೆಂಟ್ ಪೂರ್ತಿ ತೆಗೆದು ಮಾಡಿಸಿ. ಅದಕ್ಕೂ ಮೊದಲು ಲೋಡ್ ಇರುವಾಗ ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ಸಡಿಲ ಟರ್ಮಿನಲ್ ಯಾವುದೆಂದು ತೆರೆಯುವ ಮೊದಲೇ ಗೊತ್ತಾಗುತ್ತದೆ. ಅರ್ಥ್ ಪಿಟ್ಟನ್ನು ಬೇಸಿಗೆಯ ಕೊನೆಯಲ್ಲಿ, ಮಣ್ಣು ಅತ್ಯಂತ ಒಣಗಿರುವಾಗ ಅಳೆಯಿಸಿ, ಮಳೆಗಾಲದ ಅಂಕಿ ಸುಳ್ಳು ನೆಮ್ಮದಿ ಕೊಡುತ್ತದೆ. ಯಾವ ಎಂಸಿಬಿ ಯಾವ ಸರ್ಕ್ಯೂಟಿನದು, ಯಾವ ಫೇಸಿನದು, ಯಾವ ಅಳತೆಯ ವೈರಿನದು ಎಂಬ ಪಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಬಾಗಿಲಿನ ಒಳಬದಿಗೆ ಅಂಟಿಸಿ, ಪ್ರತಿ ತಪಾಸಣೆಯ ದಿನಾಂಕ ಮತ್ತು ಅಳತೆಗಳನ್ನು ಅದರ ಕೆಳಗೇ ಬರೆಸಿ.